ಸರ್ರೆ ಊರಿಗೆ ಸ್ವಂತ ಪೊಲೀಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವ್ಯಾಂಕೂವರ್‌ನಿಂದ ಫ್ರೇಸರ್ ನದಿ ದಾಟಿದರೆ ಸಿಗುವ ದೊಡ್ಡ ಊರು ಸರ್ರೆ. ನಾನು ಇಲ್ಲೇ ಇರುವುದು. ಹೊಸದಾಗಿ ಬಂದ ಕನ್ನಡದವರು ಸಿಕ್ಕಿದಾಗ ಮನೆ ಬಾಡಿಗೆ, ಮಕ್ಕಳ ಶಾಲೆ ಆದ ಮೇಲೆ ಕೇಳುವ ಪ್ರಶ್ನೆ ಇದೇ: "ಇಲ್ಲಿ ಪೊಲೀಸ್ ಗಲಾಟೆ ಏನೋ ಆಯ್ತಂತಲ್ಲ, ಏನದು?" ಊರಿನಿಂದ ಫೋನ್ ಮಾಡುವವರೂ ಕೇಳುತ್ತಾರೆ. ಪ್ರತಿ ಸಲ ಮೊದಲಿನಿಂದ ಹೇಳಿ ಹೇಳಿ ಸಾಕಾಗಿ, ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಚಿಕ್ಕದಾಗಿ ಹೇಳಿ, ಏನಾಯಿತು?

1951ರ ಮೇ 1ರಿಂದ ಸರ್ರೆಯನ್ನು ಕಾಯುತ್ತಿದ್ದದ್ದು ಕೆನಡಾದ ಕೇಂದ್ರ ಪೊಲೀಸ್ ಪಡೆ, ಆರ್‌ಸಿಎಂಪಿ. 2018ರ ನವೆಂಬರ್‌ನಲ್ಲಿ ಊರಿನ ಕೌನ್ಸಿಲ್ "ನಮಗೆ ನಮ್ಮದೇ ಪೊಲೀಸ್ ಬೇಕು" ಎಂದು ತೀರ್ಮಾನ ಮಾಡಿತು. ಸರ್ರೆ ಪೊಲೀಸ್ ಸರ್ವಿಸ್ ಎಂಬ ಹೊಸ ಪಡೆ ಹುಟ್ಟಿತು. ಅದು ಅರ್ಧ ಕಟ್ಟಿ ಮುಗಿಯುವಷ್ಟರಲ್ಲಿ ಬೇರೆ ಮೇಯರ್ ಗೆದ್ದು "ಬೇಡ, ಹಳೆಯದೇ ಇರಲಿ" ಎಂದರು. ಪ್ರಾಂತ್ಯದ ಸರ್ಕಾರ "ಆಗಲ್ಲ, ಮುಂದುವರಿಸಿ" ಎಂದಿತು. ಜಗಳ ಕೋರ್ಟಿಗೆ ಹೋಯಿತು. ಕೊನೆಗೆ 2024ರ ನವೆಂಬರ್ 29ರಂದು ಊರಿನ ಪೊಲೀಸ್ ಜವಾಬ್ದಾರಿ ಅಧಿಕೃತವಾಗಿ ಹೊಸ ಪಡೆಗೆ ಬಂತು. ತೀರ್ಮಾನದಿಂದ ಹಸ್ತಾಂತರಕ್ಕೆ ಆರು ವರ್ಷ.

ಆರ್‌ಸಿಎಂಪಿ ಅಂದರೆ ಕೆಂಪು ಕೋಟು ಹಾಕಿ ಕುದುರೆ ಮೇಲೆ ಕೂರುವವರಲ್ವಾ?

ಅವರೇ. ಕೆಂಪು ಕೋಟು ಮೆರವಣಿಗೆಗೆ ಮಾತ್ರ. ದಿನದ ಡ್ಯೂಟಿಯಲ್ಲಿ ಬೂದು ಶರ್ಟು, ಹಳದಿ ಪಟ್ಟಿ ಇರುವ ಪ್ಯಾಂಟು. 1873ರಲ್ಲಿ ಶುರುವಾದ ಪಡೆ. ನಮ್ಮ ಕಡೆಯವರಿಗೆ ಅರ್ಥ ಆಗಬೇಕೆಂದರೆ ಹೀಗೆ ಅಂದುಕೊಳ್ಳಿ: ಸಿಬಿಐ ಕೆಲಸವನ್ನೂ ಮಾಡುವ, ಹಳ್ಳಿ ಠಾಣೆಯ ಕೆಲಸವನ್ನೂ ಮಾಡುವ ಒಂದೇ ಪಡೆ. ಸ್ವಂತ ಪೊಲೀಸ್ ಇಲ್ಲದ ಊರುಗಳು ಇವರನ್ನು ಗುತ್ತಿಗೆಗೆ ತೆಗೆದುಕೊಳ್ಳುತ್ತವೆ. ಕರಾರು ಪತ್ರ ಇರುತ್ತದೆ, ವರ್ಷಕ್ಕಿಷ್ಟು ದುಡ್ಡು ಅಂತ ಊರು ಕೊಡುತ್ತದೆ.

ಸರ್ರೆಯಲ್ಲಿದ್ದದ್ದು ಇಡೀ ಕೆನಡಾದಲ್ಲೇ ಆರ್‌ಸಿಎಂಪಿಯ ಅತಿ ದೊಡ್ಡ ಠಾಣೆ. ಹಾಗಾಗಿ ಇದು ಒಂದು ಊರಿನ ಮನೆಜಗಳವಾಗಿ ಉಳಿಯಲಿಲ್ಲ.

ಒಂದು ನಗರಸಭೆ ತನ್ನದೇ ಪೊಲೀಸ್ ಇಟ್ಟುಕೊಳ್ಳುವುದು ಹೇಗೆ ಸಾಧ್ಯ? ನಮ್ಮಲ್ಲಿ ಇಲ್ಲವಲ್ಲ?

ಹೌದು, ನಮ್ಮಲ್ಲಿ ಇಲ್ಲ. ಭಾರತದಲ್ಲಿ ಪೊಲೀಸ್ ರಾಜ್ಯದ ವಿಷಯ. ನಗರಸಭೆಗಳಿಗೆ ಏನೇನು ಕೆಲಸ ಕೊಡಬಹುದು ಎಂದು ಹೇಳುವ ಸಂವಿಧಾನದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ನೀರು, ರಸ್ತೆ, ಕಸ, ಸ್ಮಶಾನ, ಬೀದಿದೀಪ ಎಲ್ಲ ಇದೆ. ಪೊಲೀಸ್ ಇಲ್ಲ. ಬೆಂಗಳೂರಿನ ಪೊಲೀಸ್ ಕಮಿಷನರ್‌ಗೂ ಮೇಯರ್‌ಗೂ ಲೆಕ್ಕಾಚಾರದ ಸಂಬಂಧವೇ ಇಲ್ಲ.

ಇಲ್ಲಿ ಉಲ್ಟಾ. ಬ್ರಿಟಿಷ್ ಕೊಲಂಬಿಯಾದ ಪೊಲೀಸ್ ಕಾಯ್ದೆ ಪ್ರಕಾರ 5,000ಕ್ಕಿಂತ ಜಾಸ್ತಿ ಜನ ಇರುವ ಊರು ತನ್ನ ಪೊಲೀಸ್ ವ್ಯವಸ್ಥೆಯನ್ನು ತಾನೇ ನೋಡಿಕೊಳ್ಳಬೇಕು. ದಾರಿ ಮೂರು. ಸ್ವಂತ ಪಡೆ ಕಟ್ಟಬಹುದು. ಆರ್‌ಸಿಎಂಪಿಯನ್ನು ಗುತ್ತಿಗೆಗೆ ಕರೆಯಬಹುದು. ಪಕ್ಕದ ಊರಿನ ಪೊಲೀಸರನ್ನೇ ಹಂಚಿಕೊಳ್ಳಬಹುದು. ವಿಕ್ಟೋರಿಯಾ ಪೊಲೀಸರು ಪಕ್ಕದ ಎಸ್ಕ್ವಿಮಾಲ್ಟ್ ಊರನ್ನೂ ನೋಡಿಕೊಂಡದ್ದು ಹೀಗೇ. ಸರ್ರೆಯ ಪಕ್ಕದ ಡೆಲ್ಟಾಕ್ಕೆ 1888ರಿಂದಲೂ ಸ್ವಂತ ಪೊಲೀಸ್ ಇದೆ. ಸರ್ರೆಗೂ 1951ರ ಮುಂಚೆ ಇತ್ತು. ಆಮೇಲೆ ಬಿಟ್ಟುಕೊಟ್ಟದ್ದು.

ಅಂದರೆ 2018ರಲ್ಲಿ ಕೇಳಿದ್ದು ಹೊಸ ಹಕ್ಕನ್ನೇನೂ ಅಲ್ಲ. ಆದರೆ ಇಷ್ಟು ದೊಡ್ಡ ಊರು ಗುತ್ತಿಗೆ ಬಿಟ್ಟು ಸ್ವಂತ ಪಡೆಗೆ ಬಂದದ್ದನ್ನು ಇಲ್ಲಿ ಯಾರೂ ನೋಡಿರಲಿಲ್ಲ. 2021ರ ಜನಗಣತಿಯಲ್ಲಿ ಸರ್ರೆಯ ಜನಸಂಖ್ಯೆ 5,68,322. ಪ್ರಾಂತ್ಯದಲ್ಲಿ ಇದಕ್ಕಿಂತ ದೊಡ್ಡದು ವ್ಯಾಂಕೂವರ್ ಒಂದೇ.

ಇದ್ದ ಪೊಲೀಸರನ್ನು ಬಿಡಬೇಕು ಅಂತ ಯಾಕೆ ಅನ್ನಿಸಿತು?

ಎರಡು ಕಾರಣ. ಒಂದು ಭಯ, ಇನ್ನೊಂದು ಹಿಡಿತ.

ಭಯ ಅಂದರೆ ಗ್ಯಾಂಗು, ಗುಂಡು. 2018ರ ಜೂನ್‌ನಲ್ಲಿ ಹದಿಹರೆಯದ ಇಬ್ಬರು ಹುಡುಗರು ಗುಂಡೇಟಿಗೆ ಬಲಿಯಾದರು. ಸಿಟಿ ಹಾಲ್ ಮುಂದೆ ಸಾವಿರಾರು ಜನ ಸೇರಿದರು. ಅವರಲ್ಲಿ ಹೆಚ್ಚಿನವರು ಪಂಜಾಬಿ ಅಪ್ಪ-ಅಮ್ಮಂದಿರು. ಅದೇ ಅಕ್ಟೋಬರ್‌ನಲ್ಲಿ ಚುನಾವಣೆ. ಡಗ್ ಮೆಕ್ಯಾಲಮ್ ಸ್ವಂತ ಪೊಲೀಸ್ ಎಂಬ ಭರವಸೆ ಇಟ್ಟುಕೊಂಡು ನಿಂತರು, ಗೆದ್ದರು. 1996ರಿಂದ 2005ರವರೆಗೆ ಮೇಯರ್ ಆಗಿದ್ದ ಹಳೆ ಕೈ ಅವರು.

ಹಿಡಿತ ಅಂದರೆ, ಆರ್‌ಸಿಎಂಪಿಯ ಹೆಡ್ ಆಫೀಸ್ ಇರುವುದು ಒಟ್ಟಾವದಲ್ಲಿ. ಯೂನಿಫಾರಂ, ತರಬೇತಿ, ವರ್ಗಾವಣೆ, ಸಂಬಳ ಎಲ್ಲ ಅಲ್ಲಿಂದ. ಊರು ದುಡ್ಡು ಕೊಡುತ್ತದೆ, ನಿಯಮ ಬೇರೆಯವರು ಮಾಡುತ್ತಾರೆ. ಅಧಿಕಾರಿಗೆ ಊರಿನ ಸಂದುಗೊಂದು ಗೊತ್ತಾಗುವಷ್ಟರಲ್ಲಿ ವರ್ಗಾವಣೆ ಆಗುತ್ತದೆ ಎಂಬ ದೂರೂ ಇತ್ತು. ಇದು ನಮ್ಮೂರಿನ ಸಬ್ ಇನ್ಸ್‌ಪೆಕ್ಟರ್ ಕಥೆ ಥರಾನೇ ಇದೆ, ಅಲ್ವಾ?

ಸ್ವಂತ ಪಡೆ ಬಂದರೆ ಗ್ಯಾಂಗು ಕಮ್ಮಿ ಆಗುತ್ತಾ ಎಂದು ಆಗಲೇ ಕೇಳಿದವರಿದ್ದರು. ನನ್ನ ಲೆಕ್ಕದಲ್ಲಿ ಎರಡನೇ ಕಾರಣವೇ ಗಟ್ಟಿ. ಮೊದಲನೆಯದು ಮತ ತಂದಿತು.

ಕೌನ್ಸಿಲ್ ಮತ ಹಾಕಿತು ಅಂದಮೇಲೆ ಮುಂದೇನು? ಮಾರನೇ ದಿನವೇ ನೇಮಕ ಶುರುವಾ?

ಎಲ್ಲಿಯ ಮಾತು! ಮತ ಹಾಕುವುದು ಒಂದು ಸಂಜೆಯ ಕೆಲಸ. 2018ರ ನವೆಂಬರ್ 5ರಂದು, ಪ್ರಮಾಣವಚನದ ದಿನವೇ, ಸರ್ವಾನುಮತದಿಂದ ನಿರ್ಣಯ ಆಯಿತು. ಅದೇ ಸಭೆಯಲ್ಲಿ ರಸ್ತೆ ಮಟ್ಟದ ಲಘು ರೈಲು ಬೇಡ, ನಮ್ಮ ಮೆಟ್ರೋ ಥರದ ಸ್ಕೈಟ್ರೇನ್ ಬೇಕು ಎಂದೂ ನಿರ್ಣಯಿಸಿದರು. ಒಂದೇ ಸಂಜೆಗೆ ರೈಲೂ ಬದಲು, ಪೊಲೀಸೂ ಬದಲು.

ಆಮೇಲೆ ಕಾಗದದ ಕೆಲಸ. ಪಡೆ ಎಷ್ಟು ದೊಡ್ಡದು, ಖರ್ಚೆಷ್ಟು, ಯಾವ ವರ್ಷ ಏನು ಎಂಬ ಯೋಜನೆ ತಯಾರಾಗಿ 2019ರ ಜೂನ್‌ನಲ್ಲಿ ಹೊರಬಂತು. ಪ್ರಾಂತ್ಯ ಅದನ್ನು ಹಾಗೇ ಒಪ್ಪಲಿಲ್ಲ. ಮಾಜಿ ನ್ಯಾಯಾಧೀಶ, ಮಾಜಿ ಅಟಾರ್ನಿ ಜನರಲ್ ವಾಲಿ ಓಪಲ್ ಅವರನ್ನು ಮುಂದಿಟ್ಟುಕೊಂಡು ಒಂದು ಸಮಿತಿ ಕೂತಿತು. 2020ರ ಫೆಬ್ರವರಿ 27ರಂದು ಸಾರ್ವಜನಿಕ ಸುರಕ್ಷತೆಯ ಸಚಿವ ಮೈಕ್ ಫಾರ್ನ್‌ವರ್ತ್ ಪೊಲೀಸ್ ಬೋರ್ಡ್ ರಚಿಸಲು ಒಪ್ಪಿಗೆ ಕೊಟ್ಟರು. ಗಮನಿಸಿ, ಒಪ್ಪಿಗೆ ಕೊಟ್ಟಿದ್ದು ಬೋರ್ಡ್‌ಗೆ. ಪಡೆ ಕಟ್ಟುವ ಕೆಲಸ ಬೋರ್ಡ್‌ನದು. ಜೂನ್‌ನಲ್ಲಿ ಸದಸ್ಯರು ನೇಮಕವಾದರು, ಆಗಸ್ಟ್‌ನಲ್ಲಿ ಮೊದಲ ಸಭೆ. ನವೆಂಬರ್‌ನಲ್ಲಿ ಚೀಫ್ ಆಗಿ ನಾರ್ಮ್ ಲಿಪಿನ್ಸ್ಕಿ ಆಯ್ಕೆಯಾದರು. ಎಡ್ಮಂಟನ್ ಪೊಲೀಸ್, ಆರ್‌ಸಿಎಂಪಿ, ಡೆಲ್ಟಾ ಪೊಲೀಸ್ ಮೂರರಲ್ಲೂ ದೊಡ್ಡ ಹುದ್ದೆಯಲ್ಲಿದ್ದವರು.

ಚೀಫ್ ಬಂದರು. ಆದರೆ ಅವರ ಕೈಕೆಳಗೆ ಒಬ್ಬ ಕಾನ್‌ಸ್ಟೇಬಲ್ ಇಲ್ಲ. ಕೂರಲು ಕುರ್ಚಿಯಿಂದ ಹಿಡಿದು ಎಲ್ಲ ಹೊಸದು. ಪಡೆಗೆ ಹೆಸರು ಬೇಕು. ತೋಳಿನ ಮೇಲೆ ಲಾಂಛನ ಬೇಕು. ಬಂದೂಕು, ರೇಡಿಯೊ, ಕಾರು ಖರೀದಿಸಬೇಕು. ರಜೆ ಎಷ್ಟು, ಗುಂಡು ಹಾರಿಸುವ ನಿಯಮ ಏನು, ಸಾಕ್ಷ್ಯದ ವಸ್ತು ಎಲ್ಲಿಡಬೇಕು, ಎಲ್ಲದಕ್ಕೂ ಬರೆದ ನೀತಿ ಬೇಕು. ಯೂನಿಯನ್ ಜೊತೆ ಸಂಬಳದ ಒಪ್ಪಂದ ಆಗಬೇಕು. ಆರ್‌ಸಿಎಂಪಿಯಿಂದ ಬರುವವನಿಗೆ ಕೇಂದ್ರದ ಪಿಂಚಣಿ, ಇಲ್ಲಿ ಇರುವುದು ಮುನಿಸಿಪಲ್ ಪಿಂಚಣಿ. ಹತ್ತು ವರ್ಷ ಸರ್ವಿಸ್ ಆದವನು ಇದನ್ನು ನೋಡದೆ ಕೆಲಸ ಬಿಡುತ್ತಾನಾ? ಮನೆ ಕಟ್ಟಿದವರಿಗೆ ಗೊತ್ತು, ಗೋಡೆ ಬೇಗ ಏಳುತ್ತದೆ, ವೈರಿಂಗಿಗೇ ಟೈಮ್ ಹೋಗುವುದು.

ಒಂದು ಪುಣ್ಯ ಏನೆಂದರೆ, ಪ್ರೈಮ್ ಎಂಬ ಒಂದೇ ಕಂಪ್ಯೂಟರ್ ವ್ಯವಸ್ಥೆಯನ್ನು ಈ ಪ್ರಾಂತ್ಯದ ಎಲ್ಲ ಪೊಲೀಸರೂ ಬಳಸುತ್ತಾರೆ. ಕೇಸಿನ ದಾಖಲೆಗೆ ಬೇರೆಯದೇ ಜಗತ್ತು ಕಟ್ಟುವ ಕಷ್ಟ ಇರಲಿಲ್ಲ.

ಹೊಸ ಪಡೆಯ ಮೊದಲ ಪೊಲೀಸರು ರಸ್ತೆಗಿಳಿದದ್ದು 2021ರ ನವೆಂಬರ್ ಕೊನೆಯಲ್ಲಿ. ನಿರ್ಣಯ ಆಗಿ ಮೂರು ವರ್ಷದ ಮೇಲೆ.

ಪೊಲೀಸ್ ಬೋರ್ಡ್ ಯಾಕೆ? ಮೇಯರ್ ನೇರವಾಗಿ ಚೀಫ್‌ಗೆ ಹೇಳಿದರೆ ಆಗಲ್ವಾ?

ಆಗಬಾರದು ಅಂತಲೇ ಬೋರ್ಡ್ ಇರುವುದು. ಸ್ವಂತ ಪೊಲೀಸ್ ಎಂದರೆ ಮೇಯರ್ ಕೈಯಲ್ಲಿ ಲಾಠಿ ಎಂದು ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಸರ್ರೆ ಬೋರ್ಡ್ ಶುರುವಾದಾಗ ಮೇಯರ್ ಅಧ್ಯಕ್ಷರು, ಕೌನ್ಸಿಲ್ ಕಡೆಯಿಂದ ಒಬ್ಬರು, ಉಳಿದವರೆಲ್ಲ ಪ್ರಾಂತ್ಯ ನೇಮಿಸಿದ ಊರಿನ ನಾಗರಿಕರು. ಚೀಫ್ ನೇಮಕ, ನೀತಿ, ಆದ್ಯತೆ, ಬಜೆಟ್ ಬೋರ್ಡ್‌ನ ಕೆಲಸ. ಯಾರನ್ನು ಹಿಡಿಯಬೇಕು, ಯಾವ ಕೇಸು ಬಿಡಬೇಕು ಎಂದು ಹೇಳುವ ಹಾಗಿಲ್ಲ.

ದುಡ್ಡಿನ ದಾರಿಯೂ ನೋಡುವಂಥದ್ದು. ಬೋರ್ಡ್ ಪ್ರತಿ ವರ್ಷ ನವೆಂಬರ್ 30ರೊಳಗೆ ತಾತ್ಕಾಲಿಕ ಬಜೆಟ್ ಮಾಡಿ ಕೌನ್ಸಿಲ್‌ಗೆ ಕೊಡಬೇಕು. ಕೌನ್ಸಿಲ್ ಒಪ್ಪದಿದ್ದರೆ ಪ್ರಾಂತ್ಯದ ಪೊಲೀಸ್ ಸೇವೆಗಳ ನಿರ್ದೇಶಕರು ತೀರ್ಮಾನ ಹೇಳುತ್ತಾರೆ. ಅಂದರೆ ಚೀಲ ಊರಿನದು, ಚೀಲದ ಬಾಯಿಯ ದಾರ ಮೂರು ಜನರ ಕೈಯಲ್ಲಿ.

ಇದೇ ಬೋರ್ಡನ್ನು 2023ರ ನವೆಂಬರ್‌ನಲ್ಲಿ ಪ್ರಾಂತ್ಯ ಅಮಾನತು ಮಾಡಿ, ಅಬಾಟ್ಸ್‌ಫರ್ಡ್ ಊರಿನ ಮಾಜಿ ಪೊಲೀಸ್ ಚೀಫ್ ಮೈಕ್ ಸೆರ್ ಅವರನ್ನು ಆಡಳಿತಾಧಿಕಾರಿಯಾಗಿ ಕೂರಿಸಿತು. ಯಾಕೆ ಅಂತ ಮುಂದೆ ಬರುತ್ತದೆ.

ಇಷ್ಟು ಪೊಲೀಸರು ಎಲ್ಲಿಂದ ಬಂದರು?

ಎರಡು ಕಡೆಯಿಂದ. ಬೇರೆ ಪಡೆಗಳಲ್ಲಿ ಕೆಲಸ ಮಾಡಿದ ಅನುಭವಿಗಳು, ಅದರಲ್ಲೂ ಆರ್‌ಸಿಎಂಪಿಯವರು. ಜೊತೆಗೆ ಹೊಸಬರು.

ಹೊಸಬರ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಆರ್‌ಸಿಎಂಪಿಗೆ ಸೇರುವವರು ಸಾಸ್ಕಾಚೆವಾನ್ ಪ್ರಾಂತ್ಯದ ರೆಜೈನಾಕ್ಕೆ ಹೋಗಿ 26 ವಾರ ತರಬೇತಿ ಪಡೆಯಬೇಕು. ಆಮೇಲೆ ದೇಶದ ಯಾವ ಮೂಲೆಗೆ ಹಾಕುತ್ತಾರೋ ಅಲ್ಲಿಗೆ ಹೋಗಬೇಕು. ಊರಿನ ಪೊಲೀಸ್‌ಗೆ ಸೇರುವವರನ್ನು ಪಡೆ ಮೊದಲು ಕೆಲಸಕ್ಕೆ ತೆಗೆದುಕೊಂಡು, ಆಮೇಲೆ ನ್ಯೂ ವೆಸ್ಟ್‌ಮಿನ್‌ಸ್ಟರ್‌ನ ಜಸ್ಟಿಸ್ ಇನ್‌ಸ್ಟಿಟ್ಯೂಟ್‌ಗೆ ಕಳಿಸುತ್ತದೆ. ಸರ್ರೆಯಿಂದ ನದಿ ದಾಟಿದರೆ ಅದೇ ಊರು. ಮಧ್ಯದಲ್ಲಿ ಕೆಲವು ವಾರ ನಿಜವಾದ ಗಸ್ತಿನಲ್ಲಿ, ಹಿರಿಯ ಪೊಲೀಸರ ಪಕ್ಕದ ಸೀಟಿನಲ್ಲಿ ಕಲಿಯುತ್ತಾರೆ.

ಅನುಭವಿಗಳನ್ನು ಸೆಳೆದದ್ದಕ್ಕೆ ಸುತ್ತಲಿನ ಊರುಗಳು ಗೊಣಗಿದ್ದೂ ನಿಜ. ಒಂದು ಊರಿಗೆ ಸಿಕ್ಕ ಪೊಲೀಸ್ ಇನ್ನೊಂದು ಊರಿಗೆ ಕಮ್ಮಿಯಾದಂತೆ. ಮರದಿಂದ ಉದುರುವ ಹಣ್ಣಲ್ಲವಲ್ಲ ಪೊಲೀಸರು.

ಎರಡು ಪಡೆ ಒಂದೇ ಊರಿನಲ್ಲಿ ಮೂರು ವರ್ಷ ಹೇಗೆ ಕೆಲಸ ಮಾಡಿದವು?

2021ರ ಕೊನೆಯಿಂದ ಹಸ್ತಾಂತರದವರೆಗೆ ಹೊಸ ಪಡೆಯವರು ಆರ್‌ಸಿಎಂಪಿ ಅಧಿಕಾರಿಯ ಕೈಕೆಳಗೇ ಕೆಲಸ ಮಾಡಿದರು. ಆಜ್ಞೆ ಹಳೆಯವರದು, ಸಂಬಳ ಹೊಸಬರದು. ಇಷ್ಟು ಜನ ಹೊಸಬರು ಬಂದರೆ ಅಷ್ಟು ಜನ ಹಳಬರು ಹೊರಡುವುದು ಎಂಬ ಲೆಕ್ಕ.

2023ರಲ್ಲಿ ನಮ್ಮ ಪಕ್ಕದ ಮನೆಯವರ ಗ್ಯಾರೇಜ್ ಯಾರೋ ಮೀಟಿದ್ದರು. ಬಂದ ಕಾರಿನಿಂದ ಇಬ್ಬರು ಇಳಿದರು. ಒಬ್ಬರ ಪ್ಯಾಂಟಿಗೆ ಹಳದಿ ಪಟ್ಟಿ, ಇನ್ನೊಬ್ಬರದು ಪಟ್ಟಿ ಇಲ್ಲದ ಗಾಢ ಬಣ್ಣದ ಯೂನಿಫಾರಂ. ಒಬ್ಬರು ಬೀಗ ನೋಡಿದರು, ಇನ್ನೊಬ್ಬರು ಬರೆದುಕೊಂಡರು. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಕಿಟಕಿ ಪಕ್ಕ ಕಾಫಿ ಲೋಟ ಹಿಡಿದು ನೋಡುತ್ತಿದ್ದರು. "ಇವರಿಬ್ಬರಲ್ಲಿ ದೊಡ್ಡ ಸಾಹೇಬರು ಯಾರು?" ಎಂದು ಕೇಳಿದರು. ಊರಿನ ಮೇಯರ್, ಪ್ರಾಂತ್ಯದ ಸಚಿವರು, ವಕೀಲರು ಎಲ್ಲ ಸೇರಿ ಆ ವರ್ಷವಿಡೀ ಜಗಳವಾಡಿದ್ದು ಇದೇ ಪ್ರಶ್ನೆಗೆ.

2022ರಲ್ಲಿ ಜನ ಹೊಸ ಮೇಯರ್‌ನ ಆರಿಸಿದರಲ್ಲ? ಹಿಂದಕ್ಕೆ ಹೋಗಲು ಯಾಕೆ ಬಿಡಲಿಲ್ಲ?

ಇದೇ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2022ರ ಅಕ್ಟೋಬರ್ 15ರ ಚುನಾವಣೆಯಲ್ಲಿ ಬ್ರೆಂಡಾ ಲಾಕ್ ಮೆಕ್ಯಾಲಮ್ ಅವರನ್ನು 973 ಮತಗಳಿಂದ ಸೋಲಿಸಿದರು. ಆರ್‌ಸಿಎಂಪಿಯನ್ನು ಉಳಿಸುತ್ತೇನೆ ಎಂಬುದೇ ಅವರ ಭರವಸೆ. ತಮಾಷೆ ಏನೆಂದರೆ, 2018ರಲ್ಲಿ ಇದೇ ಲಾಕ್ ಮೆಕ್ಯಾಲಮ್ ತಂಡದಿಂದ ಕೌನ್ಸಿಲರ್ ಆದವರು. ಆ ಸರ್ವಾನುಮತದ ಕೈಗಳಲ್ಲಿ ಅವರ ಕೈಯೂ ಒಂದು. ಆಮೇಲೆ ಹೊರಬಂದರು.

ನವೆಂಬರ್ 14ರಂದು ಹೊಸ ಕೌನ್ಸಿಲ್ 5-4ರಲ್ಲಿ ಆರ್‌ಸಿಎಂಪಿ ಪರ ಮತ ಹಾಕಿತು. ಆದರೆ ಅಷ್ಟು ಹೊತ್ತಿಗೆ ನೂರಾರು ಪೊಲೀಸರು ಹಳೆ ಕೆಲಸ ಬಿಟ್ಟು ಹೊಸ ಪಡೆಗೆ ಸೇರಿಯಾಗಿತ್ತು. 2023ರ ಏಪ್ರಿಲ್ 28ರಂದು ಫಾರ್ನ್‌ವರ್ತ್ ತಮ್ಮ ಅಭಿಪ್ರಾಯ ಹೇಳಿದರು: ಹೊಸ ಪಡೆಯನ್ನೇ ಮುಂದುವರಿಸಿ, 15 ಕೋಟಿ ಡಾಲರ್ ಕೊಡುತ್ತೇವೆ. ಅವರ ವಾದ ಸರಳ. ಆರ್‌ಸಿಎಂಪಿಗೆ ಪ್ರಾಂತ್ಯದಲ್ಲಿ ಆಗಲೇ ಸುಮಾರು 1,500 ಹುದ್ದೆ ಖಾಲಿ. ಸರ್ರೆಯನ್ನು ಮತ್ತೆ ತುಂಬಿಸಬೇಕೆಂದರೆ ಬೇರೆ ಊರುಗಳ ಪೊಲೀಸರನ್ನು ಎಳೆಯಬೇಕು. ಒಬ್ಬರ ಹೊದಿಕೆ ಎಳೆದು ಇನ್ನೊಬ್ಬರಿಗೆ ಹೊದಿಸಿದ ಹಾಗೆ.

ಜೂನ್‌ನಲ್ಲಿ ಕೌನ್ಸಿಲ್ ಮತ್ತೆ ಮತ ಹಾಕಿತು, ಮತ್ತೆ ಆರ್‌ಸಿಎಂಪಿಯೇ. ಜುಲೈ 19ರಂದು ಸಚಿವರು ಸಲಹೆ ಬಿಟ್ಟು ಆದೇಶಕ್ಕೆ ಬಂದರು: ಹೊಸ ಪಡೆಯೇ ಗಟ್ಟಿ. ಊರು ಬಗ್ಗಲಿಲ್ಲ. ಅಕ್ಟೋಬರ್‌ನಲ್ಲಿ ಪ್ರಾಂತ್ಯ ಪೊಲೀಸ್ ಕಾಯ್ದೆಗೇ ತಿದ್ದುಪಡಿ ತಂದು ಸರ್ರೆಗೆ ಮುನಿಸಿಪಲ್ ಪೊಲೀಸ್ ಇರಬೇಕು ಎಂದು ಬರೆದುಬಿಟ್ಟಿತು. ಊರು ಸುಪ್ರೀಂ ಕೋರ್ಟಿಗೆ ಹೋಯಿತು. ಇಲ್ಲಿ ಪ್ರಾಂತ್ಯದ ವಿಚಾರಣಾ ನ್ಯಾಯಾಲಯಕ್ಕೇ ಸುಪ್ರೀಂ ಕೋರ್ಟ್ ಎಂದು ಹೆಸರು, ದಿಲ್ಲಿಯ ಲೆಕ್ಕ ಹಾಕಬೇಡಿ. ಬೋರ್ಡ್ ಅಮಾನತಾಗಿ ಆಡಳಿತಾಧಿಕಾರಿ ಬಂದದ್ದು ಈ ಹಗ್ಗಜಗ್ಗಾಟದ ಮಧ್ಯೆಯೇ.

2024ರ ಮೇ 23ರಂದು ಕೋರ್ಟು ಊರಿನ ಅರ್ಜಿಯನ್ನು ವಜಾ ಮಾಡಿತು. ಮತದಾರರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬ ವಾದವೂ ನಿಲ್ಲಲಿಲ್ಲ. ನಗರಸಭೆಗಳು ಪ್ರಾಂತ್ಯದ ಕಾನೂನಿನಿಂದ ಹುಟ್ಟಿದವು. ಹುಟ್ಟಿಸಿದವರು ಕಾನೂನು ಬದಲಿಸಿದರೆ ಇವರು ಮಾಡುವುದು ಕಮ್ಮಿ. ಜುಲೈ 10ರಂದು ಇಬ್ಬರೂ ಕೂತು ರಾಜಿಯಾದರು.

ಯಾರು ಸರಿ? ಗೆದ್ದ ಮೇಯರ್ ಕೊಟ್ಟ ಮಾತು ಉಳಿಸಿಕೊಳ್ಳಲು ಹೊರಟರು, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಪೊಲೀಸ್ ಪಡೆ ಎಂದರೆ ಜನ. ಮನೆ ಬದಲಿಸಿದ, ಪಿಂಚಣಿ ಬದಲಿಸಿದ ಜನ. ಸ್ವಿಚ್ ಹಾಕಿ ಆರಿಸುವ ದೀಪ ಅಲ್ಲ. ನಾಲ್ಕು ವರ್ಷಕ್ಕೊಂದು ಚುನಾವಣೆ, ಆರು ವರ್ಷ ಹಿಡಿಯುವ ಕೆಲಸ. ಈ ಲೆಕ್ಕ ಮೊದಲೇ ತಪ್ಪಿತ್ತು.

ಖರ್ಚು ಯಾರ ತಲೆ ಮೇಲೆ?

ನಮ್ಮ ತಲೆ ಮೇಲೆ. ಇಲ್ಲಿ ಮೇ ತಿಂಗಳ ಕೊನೆಗೆ ಮನೆ ತೆರಿಗೆಯ ನೋಟೀಸ್ ಬರುತ್ತದೆ, ಜುಲೈ ಶುರುವಿನಲ್ಲಿ ಕಟ್ಟಬೇಕು.

15,000ಕ್ಕಿಂತ ಜಾಸ್ತಿ ಜನ ಇರುವ ಊರು ಆರ್‌ಸಿಎಂಪಿ ಇಟ್ಟುಕೊಂಡರೆ ಖರ್ಚಿನ 90% ಊರಿನದು, 10% ಕೇಂದ್ರದ್ದು. ಸ್ವಂತ ಪಡೆಯಾದರೆ ಪೂರ್ತಿ 100% ಊರಿನದೇ. ಈ ಹತ್ತರ ಮೇಲೆ ಇಡೀ ಚರ್ಚೆ ನಿಂತಿತ್ತು. ಜೊತೆಗೆ ಎರಡು ಪಡೆಗೂ ಒಟ್ಟೊಟ್ಟಿಗೆ ದುಡ್ಡು ಹಾಕಿದ ವರ್ಷಗಳ ಭಾರ ಬೇರೆ. 2023ರ ಕರಡು ಬಜೆಟ್‌ನಲ್ಲಿ ತೆರಿಗೆ 17.5% ಏರಿಸುವ ಪ್ರಸ್ತಾಪ ಇತ್ತು. ಅದರಲ್ಲಿ 9.5% ಪೊಲೀಸ್ ಖರ್ಚಿನ ಕೊರತೆಗೆ. ಪ್ರಾಂತ್ಯದಿಂದ ಬೇರೆ ಅನುದಾನ ಬಂದ ಮೇಲೆ 12.5%ಕ್ಕೆ ಇಳಿಸಿದರು. ಇಳಿದ ಮೇಲೂ 12.5% ಎಂದರೆ ಏನೆಂದು ಮನೆ ಸಾಲ ಕಟ್ಟುವವರನ್ನು ಕೇಳಿ.

ಆರ್‌ಸಿಎಂಪಿ ಅಗ್ಗ ಎಂಬ ಮಾತೂ ಮೊದಲಿನಷ್ಟು ನಿಜ ಅಲ್ಲ. ಅವರಿಗೆ ಯೂನಿಯನ್ ಬಂದು, 2021ರಲ್ಲಿ ಮೊದಲ ಸಂಬಳ ಒಪ್ಪಂದ ಆಯಿತು. ಹಿಂದಿನ ವರ್ಷಗಳ ಬಾಕಿಯೂ ಸೇರಿ ಗುತ್ತಿಗೆ ಊರುಗಳ ಬಿಲ್ಲು ಏರಿತು.

2024ರ ರಾಜಿಯಲ್ಲಿ ಪ್ರಾಂತ್ಯ 10 ವರ್ಷಗಳಲ್ಲಿ 25 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. 15ರಿಂದ 25ಕ್ಕೆ. ಒಂದು ವರ್ಷದ ಹಟಕ್ಕೆ 10 ಕೋಟಿ ಸಿಕ್ಕಿತು ಎಂದು ಮೇಯರ್ ಕಡೆಯವರು ಹೇಳಬಹುದು. ಆ ವರ್ಷದ ಖರ್ಚು ಲೆಕ್ಕ ಹಾಕಿ ಎಂದು ಇನ್ನೊಂದು ಕಡೆಯವರು ಹೇಳಬಹುದು.

ಈಗ 911ಕ್ಕೆ ಫೋನ್ ಮಾಡಿದರೆ ಯಾರು ಬರುತ್ತಾರೆ?

ಜವಾಬ್ದಾರಿ ಸರ್ರೆ ಪೊಲೀಸ್ ಸರ್ವಿಸ್‌ನದು. ಹಸ್ತಾಂತರದ ದಿನವೇ ಆರ್‌ಸಿಎಂಪಿ ಗಂಟುಮೂಟೆ ಕಟ್ಟಲಿಲ್ಲ. ಹೊಸ ಪಡೆ ತುಂಬುವ ತನಕ ಕೆಲವು ಬಡಾವಣೆಗಳಲ್ಲಿ ಅವರೇ ಇದ್ದು, ಹಂತ ಹಂತವಾಗಿ ಬಿಟ್ಟುಕೊಡುವ ಏರ್ಪಾಡು. ನೀವು ಯಾವ ಯೂನಿಫಾರಂ ಎಂದು ಯೋಚಿಸಬೇಕಿಲ್ಲ. ನಂಬರ್ ಅದೇ. ವಿಳಾಸ ಸರಿಯಾಗಿ ಹೇಳಿ. ಸರ್ರೆಯಲ್ಲಿ ರಸ್ತೆಗೂ ನಂಬರ್, ಅವೆನ್ಯೂಗೂ ನಂಬರ್. 72ನೇ ಅವೆನ್ಯೂ ಎನ್ನಬೇಕಾದ ಕಡೆ 72 ಎಂದಷ್ಟೇ ಹೇಳಿದರೆ ಅವರಿಗೂ ತಲೆನೋವು.

ವೈಟ್ ರಾಕ್‌ನಲ್ಲಿ ಇದ್ದೇವೆ. ನಮಗೂ ಇದೇ ಪೊಲೀಸಾ?

ಅಲ್ಲ. ನಕ್ಷೆಯಲ್ಲಿ ಮೂರು ಕಡೆ ಸರ್ರೆ, ಒಂದು ಕಡೆ ಸಮುದ್ರ ಇದ್ದರೂ ವೈಟ್ ರಾಕ್ ಬೇರೆ ಊರು. ಅಲ್ಲಿ ಆರ್‌ಸಿಎಂಪಿಯೇ.

ಪೊಲೀಸರ ಮೇಲೆ ದೂರು ಕೊಡಬೇಕಾದರೆ?

ಇಲ್ಲಿ ನಿಜಕ್ಕೂ ಬದಲಾವಣೆ ಆಗಿದೆ, ಆದರೂ ಯಾರೂ ಇದರ ಬಗ್ಗೆ ಕೇಳುವುದೇ ಇಲ್ಲ. ಆರ್‌ಸಿಎಂಪಿ ಮೇಲಿನ ದೂರು ಕೇಂದ್ರದ ನಾಗರಿಕ ಆಯೋಗಕ್ಕೆ ಹೋಗುತ್ತದೆ. ಸರ್ರೆ ಪೊಲೀಸ್ ಮೇಲಿನ ದೂರು ಪ್ರಾಂತ್ಯದ ಪೊಲೀಸ್ ದೂರು ಆಯುಕ್ತರ ಕಚೇರಿಗೆ. ಅದು ಪೊಲೀಸರಿಗೂ ಮಂತ್ರಿಗಳಿಗೂ ಸೇರದ ಕಚೇರಿ. ಪೊಲೀಸರಿಂದ ಯಾರಾದರೂ ಸತ್ತರೆ ಅಥವಾ ಗಂಭೀರವಾಗಿ ಗಾಯಗೊಂಡರೆ 2012ರಲ್ಲಿ ಶುರುವಾದ ಸ್ವತಂತ್ರ ತನಿಖಾ ಕಚೇರಿ ಬರುತ್ತದೆ. ಯಾವ ಪಡೆಯಾದರೂ ಅದಕ್ಕೆ ಒಂದೇ.

ದೂರು ಕೊಡುವಾಗ ದಿನ, ಸಮಯ, ಅಧಿಕಾರಿಯ ಬ್ಯಾಡ್ಜ್ ನಂಬರ್ ಬರೆದಿಟ್ಟುಕೊಳ್ಳಿ. ಮೇಲೆ ಹೇಳಿದ ಎರಡು ಯೂನಿಫಾರಂ ಕಾಲದ ಘಟನೆಯಾದರೆ, ಯಾರ ಯೂನಿಫಾರಂ ಎಂಬುದರ ಮೇಲೆ ದೂರಿನ ವಿಳಾಸವೇ ಬದಲಾಗುತ್ತದೆ.

ಕಪಿಲ್ ಶರ್ಮಾ ಕೆಫೆ ಮೇಲೆ ಗುಂಡು ಹಾರಿಸಿದ್ದು ಇದೇ ಊರಿನಲ್ಲಾ?

ಹೌದು. 2025ರ ಜುಲೈನಲ್ಲಿ ಮೊದಲ ಸಲ, ಆಗಸ್ಟ್‌ನಲ್ಲಿ ಮತ್ತೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಊರಿನಿಂದ ನನಗೆ ಬಂದ ಫೋನುಗಳಿಗೆ ಲೆಕ್ಕ ಇಲ್ಲ. ಆ ಕೆಫೆ ಒಂದೇ ಅಲ್ಲ. ಇಲ್ಲಿನ ಭಾರತೀಯ ಮೂಲದ ವ್ಯಾಪಾರಸ್ಥರಿಗೆ ಫೋನ್ ಮಾಡಿ ದುಡ್ಡು ಕೇಳುವುದು, ಕೊಡದಿದ್ದರೆ ಅಂಗಡಿಗೋ ಮನೆಗೋ ಗುಂಡು ಹಾರಿಸುವುದು. ಸುಲಿಗೆ ಮಾಡುವವರ ಸುಳಿವು ಕೊಟ್ಟವರಿಗೆ ಸರ್ರೆ ಊರು ಎರಡೂವರೆ ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಕೆನಡಾ ಸರ್ಕಾರ ಬಿಷ್ಣೋಯಿ ಗ್ಯಾಂಗನ್ನು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು.

ಹೊಸ ಪಡೆಗೆ ಜವಾಬ್ದಾರಿ ಬಂದ ಮೊದಲ ವರ್ಷವೇ ಇದು. ಅವರು ಕೈಲಾಗದವರು ಎನ್ನುವವರೂ ಇದ್ದಾರೆ, ಆರ್‌ಸಿಎಂಪಿ ಇದ್ದಿದ್ದರೂ ಇಷ್ಟೇ ಎನ್ನುವವರೂ ಇದ್ದಾರೆ. ಫೋನ್ ಒಂದು ದೇಶದಿಂದ, ಬಂದೂಕು ಇನ್ನೊಂದು ಕಡೆಯಿಂದ ಬರುವ ಅಪರಾಧವನ್ನು ಒಂದು ಊರಿನ ಪೊಲೀಸ್ ಒಬ್ಬರೇ ಹಿಡಿಯಲಾರರು. ಅದಕ್ಕೇ ಆರ್‌ಸಿಎಂಪಿ ಮುಂದಾಳತ್ವದಲ್ಲಿ ಪ್ರಾಂತ್ಯ ಮಟ್ಟದ ಜಂಟಿ ತಂಡ ಆದದ್ದು. ಇಂಥ ಫೋನ್ ನಿಮಗೆ ಬಂದರೆ ದುಡ್ಡು ಕೊಡಬೇಡಿ, ಮೆಸೇಜ್ ಅಳಿಸಬೇಡಿ, ಪೊಲೀಸರಿಗೆ ತಿಳಿಸಿ.

ನಮ್ಮ ಮಗಳು ಪೊಲೀಸ್ ಆಗಬೇಕು ಅಂತಾಳೆ. ಸಿಟಿಜನ್ ಆಗಿಲ್ಲ. ಸೇರಬಹುದಾ?

ಪಿಆರ್, ಅಂದರೆ ಇಲ್ಲಿ ಕಾಯಂ ಆಗಿ ಇರುವ ಅನುಮತಿ, ಇದ್ದರೆ ಅರ್ಜಿ ಹಾಕಬಹುದು. 19 ತುಂಬಿರಬೇಕು. ಹಿನ್ನೆಲೆ ಪರಿಶೀಲನೆ ಬಲು ಜೋರು. ಓಟದ ಪರೀಕ್ಷೆ ಇದೆ. ಇನ್ನೊಂದು ಭಾಷೆ ಬಂದರೆ ಅನುಕೂಲವೇ. ಕನ್ನಡಕ್ಕಿಂತ ಪಂಜಾಬಿಗೆ ಇಲ್ಲಿ ಕೆಲಸ ಜಾಸ್ತಿ, ಅದೂ ಹೇಳಿಬಿಡುತ್ತೇನೆ. "ಹೆಣ್ಣುಮಗು, ಬೇಡ" ಎಂದು ಸುಮ್ನೆ ತಡೆಯಬೇಡಿ.

ಬೇರೆ ಊರುಗಳೂ ಇದೇ ದಾರಿ ಹಿಡಿಯುತ್ತವಾ?

ಪಕ್ಕದ ಆಲ್ಬರ್ಟಾದ ಗ್ರಾಂಡ್ ಪ್ರೇರಿ 2023ರ ಮಾರ್ಚ್‌ನಲ್ಲಿ ಸ್ವಂತ ಪೊಲೀಸ್‌ಗೆ ತೀರ್ಮಾನ ಮಾಡಿತು. ಐದು ವರ್ಷದಲ್ಲಿ ಮುಗಿಸುವ ಯೋಜನೆ. ಊರುಗಳ ಜೊತೆಗಿನ ಆರ್‌ಸಿಎಂಪಿ ಗುತ್ತಿಗೆ ಕರಾರುಗಳು 2032ರ ಮಾರ್ಚ್‌ಗೆ ಮುಗಿಯುತ್ತವೆ. ಮುಂದೇನು ಎಂದು ಎಲ್ಲ ಊರುಗಳೂ ಅಷ್ಟರೊಳಗೆ ಯೋಚಿಸಲೇಬೇಕು.

ಹಾಗಾದರೆ ಆರ್‌ಸಿಎಂಪಿ ಸರ್ರೆಯಿಂದ ಪೂರ್ತಿ ಹೋದ ಹಾಗಾ?

ಇಲ್ಲ. ಕೊಲೆ ತನಿಖೆಯ ಜಂಟಿ ತಂಡದಂಥವುಗಳಲ್ಲಿ ಅವರಿದ್ದಾರೆ. ಅಷ್ಟೇ ಅಲ್ಲ, ಇಡೀ ಬ್ರಿಟಿಷ್ ಕೊಲಂಬಿಯಾಕ್ಕೆ ಆರ್‌ಸಿಎಂಪಿಯ ಮುಖ್ಯ ಕಚೇರಿ ಇರುವುದು ಸರ್ರೆಯಲ್ಲೇ, ಗ್ರೀನ್ ಟಿಂಬರ್ಸ್ ಕಾಡಿನ ಪಕ್ಕ. ಭಾನುವಾರ ನಾವು ಆ ಕಾಡಿನ ಕೆರೆ ಸುತ್ತ ನಡೆಯಲು ಹೋದಾಗ ಹಳದಿ ಪಟ್ಟಿಯವರು ಈಗಲೂ ಕಾಣುತ್ತಾರೆ.